ನೊರ್ಬು ಖಾಂಗಿಗೆ ಇನ್ನೊಂದು ಸಲ

ಕುರೋಸೆ ಬಂದಾಗ ಉರ್ಕೆನ್ ಸೊಂಟದುದ್ದದ ಗುಂಡಿಯೊಳಗೆ ನಿಂತು ಆಲೂಗಡ್ಡೆ ಸುರಿದುಕೊಳ್ಳುತ್ತಿದ್ದ. ಕಣಿವೆಯ ಮೇಲ್ತುದಿಯ ಹಳ್ಳಿ ಥಾಂಗ್‌ಸರಿನಲ್ಲಿ ಆ ದಿನಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಹಿಮ ಇಳಿಯುವ ಮೊದಲು ಅಗೆದದ್ದನ್ನೆಲ್ಲ ಮಣ್ಣಿನಡಿ ಮುಚ್ಚಿಟ್ಟು, ಯಾಕ್‌ಗಳನ್ನು ಅಟ್ಟಿಕೊಂಡು, ಕಣಿವೆಯ ಕೆಳಗಿನ ಬೇಡಿಂಗಿಗೆ ಇಳಿದುಬಿಡಬೇಕು. ಗುಂಡಿಯ ದಂಡೆಯಲ್ಲಿ ಕೂತು ಕೊಳೆತದ್ದನ್ನು ಬೇರೆ ಮಾಡುತ್ತಿದ್ದ ಅವನ ಹೆಂಡತಿ ಯಾಂಗ್ಜಿ ತಲೆಯೆತ್ತಿ ನೋಡಿ, “ಬಂದ ನೋಡಿ ನಿಮ್ಮ ಬಡಗಿ” ಎಂದಳು.

ಕುರೋಸೆ ಜಪಾನಿನ ನಾಗಾನೋ ಕಡೆಯವನು, ಮರದ ಮನೆ ಕಟ್ಟುವವನು. ಎಪ್ಪತ್ತು ದಾಟಿದ್ದ. ಉರ್ಕೆನ್ ಬೇರೆಯವರ ಕೈಕೆಳಗೆ ಹೊರೆ ಹೊರುತ್ತಿದ್ದ ಕಾಲದಿಂದಲೂ ಈ ಕಣಿವೆಗೆ ಬಂದುಹೋಗುತ್ತಿದ್ದ. ಉರ್ಕೆನ್ ತಾನೇ ಮುಂದಾಳಾಗಿ ಜನರನ್ನು ಹಿಮದ ಶಿಖರಗಳಿಗೆ ಕರೆದೊಯ್ಯಲು ಶುರುಮಾಡಿದಾಗ ಮೊದಲು ಅವನ ಹಗ್ಗಕ್ಕೆ ಕಟ್ಟಿಕೊಂಡವನೂ ಇವನೇ. ಹೆಂಡತಿ ಕಾಯಿಲೆಬಿದ್ದು ತೀರಿಕೊಂಡ ಮೇಲೆ ಕೆಲವು ವರ್ಷ ಈ ಕಡೆ ಸುಳಿದಿರಲಿಲ್ಲ. ಈಗ ಯಾಂಗ್ಜಿಯ ತಮ್ಮ ಛುಲ್ದಿಮ್ ಮೋಟಾರು ರಸ್ತೆ ಮುಗಿಯುವಲ್ಲಿಗೆ ಹೋಗಿ ಕರೆತಂದಿದ್ದ.

“ಯಾಂಗ್ಜಿ ದಪ್ಪ ಆಗಿದ್ದಾನೆ!” ಎಂದು ಕುರೋಸೆ ದೂರದಿಂದಲೇ ಕೂಗಿದ. ಅವನು ಕಲಿತ ಇಲ್ಲಿಯ ಮಾತೆಲ್ಲ ಉರ್ಕೆನನ ಒಲೆಯ ಮುಂದೆ ಕೂತು ಕಲಿತದ್ದು. ಗಂಡು ಹೆಣ್ಣು ಬೇರೆ ಮಾಡಿ ಆಡುವುದು ಮಾತ್ರ ಅವನಿಗೆ ಕೊನೆಗೂ ಒಗ್ಗಲಿಲ್ಲ.

“ನೀನು ಒಣಗಿ ಕಡ್ಡಿ ಆಗಿದ್ದೀಯಲ್ಲ ಅಜ್ಜ, ಅದಕ್ಕೇ ನಾನು ದಪ್ಪ ಕಾಣೋದು” ಎಂದು ಯಾಂಗ್ಜಿ ಮಣ್ಣುಗೈಯಲ್ಲೇ ಅವನ ಎರಡೂ ಕೈ ಹಿಡಿದುಕೊಂಡಳು. ಅವನ ಎಡಗೈಯಲ್ಲಿ ಎರಡು ಬೆರಳು ಮೊಂಡು. ಅದು ಅವಳ ಅಂಗೈಗೆ ತಗಲಿದಾಗಲೆಲ್ಲ ಅವಳ ದನಿ ತಾನಾಗಿ ಮೆತ್ತಗಾಗುತ್ತಿತ್ತು. “ಬಾ, ಒಳಗೆ ಬಾ. ಚಹಾ ಕುಡಿ ಮೊದಲು.”

ಬೆಣ್ಣೆ ಚಹಾ ಒಂದು ಬಟ್ಟಲು ಇಳಿಯುವಷ್ಟರಲ್ಲಿ ಕುರೋಸೆ ಚೀಲ ಬಿಚ್ಚಿದ. ಪ್ರತಿಸಲವೂ ಏನಾದರೂ ತರುತ್ತಿದ್ದ, ಅದು ಹೊಸದಲ್ಲ. ಆದರೆ ಈ ಸಲ ತಂದದ್ದು ಅಂಗಡಿಯ ಮಾಲಲ್ಲ. ಯಾಂಗ್ಜಿಗೆ ತನ್ನ ಹೆಂಡತಿಯ ರೇಷ್ಮೆಯ ಶಾಲು ಕೊಟ್ಟ. ಛುಲ್ದಿಮ್‌ಗೆ ತನ್ನ ಮಣಿಕಟ್ಟಿನ ಗಡಿಯಾರವನ್ನೇ ಬಿಚ್ಚಿಕೊಟ್ಟ. ಕೊನೆಗೆ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟನ್ನು ಉರ್ಕೆನನ ಮುಂದೆ ಬಿಡಿಸಿಟ್ಟ. ಉಳಿಗಳು. ಹಿಡಿಗಳು ಅವನ ಅಂಗೈಯ ಬೆವರು ಕುಡಿದು ಕಪ್ಪಾಗಿದ್ದವು.

“ನಿನ್ನ ಮನೆಯ ಬಾಗಿಲು ಸರಿ ಕೂರುವುದಿಲ್ಲ. ಇದು ಇಟ್ಟುಕೋ.”

“ಮತ್ತೆ ನೀನು ಯಾತರಲ್ಲಿ ಕೆಲಸ ಮಾಡ್ತೀಯ?”

“ನಾನು ಬೇಕಾದಷ್ಟು ಮನೆ ಕಟ್ಟಿದೆ” ಎಂದು ಕುರೋಸೆ ನಕ್ಕ.

ಛುಲ್ದಿಮ್ ಗಡಿಯಾರವನ್ನು ಕಿವಿಗಿಟ್ಟು ಕೇಳುತ್ತ ಹಿಗ್ಗಿಹೋಗಿದ್ದ. ಉರ್ಕೆನ್ ಒಂದು ಉಳಿಯನ್ನು ಕೈಗೆತ್ತಿಕೊಂಡು ಮತ್ತೆ ಬಟ್ಟೆಯ ಮೇಲೆ ಇಟ್ಟುಬಿಟ್ಟ. ಅದು ಅವನ ಕೈಗೆ ಹಿತವಾಗಲಿಲ್ಲ.

ಮರುದಿನದಿಂದ ಯೋಜನೆ ಶುರುವಾಯಿತು. ಹತ್ತಬೇಕಾದದ್ದು ನೊರ್ಬು ಖಾಂಗ್. ಸರ್ಕಾರದ ಪರವಾನಗಿ ಕಾಠ್ಮಂಡುವಿನಲ್ಲೇ ಆಗಿತ್ತು. ಮನೆಯ ಮುಂದಿನ ಅಂಗಳದಲ್ಲಿ ಬಿಸಿಲು ಬೀಳುವ ಕಡೆ ಕಂಬಳಿ ಹಾಸಿ, ನಕಾಶೆಯ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು ಮೂವರೂ ಕೂತರು. ಕೆರೆಯ ದಂಡೆಯಲ್ಲಿ ಮೊದಲ ಬಿಡಾರ. ಹೆಪ್ಪುಗಟ್ಟಿದ ನದಿಯಂಥ ನೀರ್ಗಲ್ಲಿನ ಪಕ್ಕದ ಕಲ್ಲುರಾಶಿ ಮುಗಿಯುವಲ್ಲಿ ಎರಡನೆಯದು. ಅದರ ಮೇಲೆ ಎರಡು ಶಿಖರಗಳ ನಡುವೆ ಕುದುರೆಯ ಜೀನಿನ ಹಾಗೆ ಬಾಗಿದ ಹಿಮದ ತಗ್ಗು, ಅಲ್ಲಿ ಮೂರನೆಯದು. ಅಲ್ಲಿಂದ ಮುಂದೆ ತುದಿಯವರೆಗೂ ಕತ್ತಿಯಂಚಿನಂಥ ಬೆಟ್ಟದ ಏಣು. ಈ ವರ್ಷ ಮಳೆ ತಡವಾಗಿ ಬಿಟ್ಟಿದ್ದರಿಂದ ಬಿರುಕುಗಳ ಮೇಲಿನ ಹಿಮ ಇನ್ನೂ ಗಟ್ಟಿಯಾಗಿಲ್ಲ, ದಾಟಲು ಅಲ್ಯೂಮಿನಿಯಂ ಏಣಿ ಬೇಕಾಗುತ್ತದೆ ಎಂದು ಉರ್ಕೆನ್ ಹೇಳಿದ. ಹಗ್ಗ ಎಷ್ಟು, ಹೊರುವವರು ಯಾರು, ಗಾಳಿ ತಿರುಗುವ ಮೊದಲು ಏಣನ್ನು ಮುಗಿಸುವುದು ಹೇಗೆ ಎಂದು ಛುಲ್ದಿಮ್ ಕೇಳುತ್ತ ಹೋದ.

“ಗಾಳಿ ಯಾವ ಕಡೆಯಿಂದ ಬರುವುದು?” ಎಂದು ಕುರೋಸೆ ಕೇಳಿದ.

“ಪಡುವಣದಿಂದ. ಅದಕ್ಕೇ ಏಣಿನ ಮೂಡಣ ಮಗ್ಗುಲು ಹಿಡಿಯೋದು.”

ಕುರೋಸೆ ತಲೆಯಾಡಿಸಿದ. ಚಹಾ ಬಂತು, ಕುಡಿದರು. ಬಟ್ಟಲು ಕೆಳಗಿಟ್ಟವನೇ ಕುರೋಸೆ ಮತ್ತೆ, “ಗಾಳಿ ಯಾವ ಕಡೆಯಿಂದ ಬರುವುದು?” ಎಂದ. ಉರ್ಕೆನ್ ಮತ್ತೆ ಹೇಳಿದ. ಊಟದ ಹೊತ್ತಿಗೆ ಮೂರನೆಯ ಸಲ ಅದೇ ಪ್ರಶ್ನೆ ಬಂದಾಗ ಛುಲ್ದಿಮ್ ನಗುವುದಕ್ಕೆ ಬಾಯಿ ತೆರೆದವನು ಭಾವನ ಮುಖ ನೋಡಿ ಮುಚ್ಚಿಕೊಂಡ.

ಉರ್ಕೆನನಿಗೆ ಚುಚ್ಚಿದ್ದು ಮರೆವಿಗಿಂತ ಹೆಚ್ಚಾಗಿ ಇನ್ನೊಂದು. ಹಿಂದೆಲ್ಲ ಕುರೋಸೆ ನಕಾಶೆ ಬಿಚ್ಚಿದ ಕೂಡಲೇ ಕೇಳುತ್ತಿದ್ದದ್ದು ಇಳಿಯುವ ದಾರಿ. “ಮನೆ ಕಟ್ಟುವಾಗ ನಾನು ಮೊದಲು ನೋಡುವುದು ಸೂರಿನ ನೀರು ಎಲ್ಲಿ ಇಳಿಯುತ್ತದೆ ಅಂತ. ಆಮೇಲೆ ಕಂಬ” ಎನ್ನುತ್ತಿದ್ದ. ಇಳಿಯುವಾಗ ಎಲ್ಲೆಲ್ಲಿ ಹಗ್ಗ ಬಿಡಬೇಕು, ಮಂಜು ಕವಿದರೆ ಯಾವ ಬಂಡೆಯ ಗುರುತು ಎಂದು ಕೇಳಿ ಕೇಳಿ ಜೀವ ತಿನ್ನುತ್ತಿದ್ದ. ಈ ಸಲ ಅವನ ಬೆರಳು ನಕಾಶೆಯ ಮೇಲೆ ತುದಿಯವರೆಗೆ ಹೋಗಿ ಅಲ್ಲೇ ನಿಂತುಬಿಡುತ್ತಿತ್ತು.

ಆ ಮಧ್ಯಾಹ್ನ ಉರ್ಕೆನ್ ಹಗ್ಗ ತಂದು ಅವನ ತೊಡೆಯ ಮೇಲೆ ಹಾಕಿದ. ಕುರೋಸೆಯ ಕೈಗಳು ಕಣ್ಣಿನ ಸಹಾಯವಿಲ್ಲದೆ ಗಂಟು ಹಾಕಿದವು, ಎಳೆದವು, ತಿರುವಿ ನೋಡಿದವು. ಒಂದು ತಪ್ಪಿಲ್ಲ. ಛುಲ್ದಿಮ್ ಗೆದ್ದವನ ಹಾಗೆ ಭಾವನ ಕಡೆ ನೋಡಿದ.

“ನೋಡಿದ್ಯಾ? ಸುಮ್ನೆ ಏನೇನೋ ಯೋಚ್ನೆ ಮಾಡ್ತೀಯ. ವಯಸ್ಸಾಯ್ತು, ಮಾತು ಒಂದಿಷ್ಟು ಮರೀತಾನೆ. ನೀನು ಅಕ್ಕ ಹೇಳಿದ್ದು ಮರೆಯಲ್ವಾ?”

ಆಗ ಕುರೋಸೆ ಹಗ್ಗ ಸುತ್ತುತ್ತ ಹೇಳಿದ, “ತಗ್ಗಿನ ಬಿಡಾರದ ತನಕ ಮೂವರು. ಅದರ ಮೇಲಕ್ಕೆ ನೀವು ಬರುವುದು ಬೇಡ. ನೀವು ಅಲ್ಲಿ ಚಹಾ ಮಾಡಿಕೊಂಡು ಕೂರಿ. ಏಣು ನಾನು ಒಬ್ಬ.”

ಛುಲ್ದಿಮ್‌ನ ನಗು ಅಲ್ಲೇ ಆರಿತು. ಉರ್ಕೆನ್ ಕಲ್ಲುಗಳನ್ನು ತೆಗೆದು ನಕಾಶೆ ಮಡಚಿದ. “ಛುಲ್ದಿಮ್, ಹೋಗಿ ಯಾಕ್ ನೋಡಿಕೊಂಡು ಬಾ” ಎಂದ. ಯಾಕ್‌ಗಳು ಕಣ್ಣೆದುರೇ ಮೇಯುತ್ತಿದ್ದವು. ಛುಲ್ದಿಮ್ ಎದ್ದು ಹೋದ.

“ಇನ್ನೊಂದು ಸಲ ಹೇಳು” ಎಂದ ಉರ್ಕೆನ್.

“ನೀನು ಕೇಳಿದೆ.”

“ಕೇಳಿದೆ. ಆದರೂ ಹೇಳು. ಏಣು ನೀನೊಬ್ಬ. ಆಮೇಲೆ?”

ಕೆಳಗೆ ಹೊಲದಲ್ಲಿ ಹೆಂಗಸರು ಏನೋ ಹೇಳಿಕೊಂಡು ನಗುತ್ತಿದ್ದರು. ಮಣ್ಣಿನ ವಾಸನೆ ಅಂಗಳದವರೆಗೂ ಬರುತ್ತಿತ್ತು. ಕುರೋಸೆ ತನ್ನ ಹಣೆಯನ್ನು ಮೊಂಡುಬೆರಳಲ್ಲಿ ಮುಟ್ಟಿ ತೋರಿಸಿದ.

“ಇಲ್ಲಿ ಮರ ಕೊಳೆಯುತ್ತಾ ಇದೆ. ಡಾಕ್ಟರು ಫೋಟೋ ತೆಗೆದು ತೋರಿಸಿದ. ಈಗ ಸ್ವಲ್ಪ. ಆಮೇಲೆ ಎಲ್ಲಾ. ನನ್ನ ಹೆಂಡತಿ ಹೋದ. ಮಕ್ಕಳು ಇಲ್ಲ. ತಂಗಿ ಒಬ್ಬ ಇದ್ದಾನೆ, ಅವನಿಗೂ ವಯಸ್ಸು. ನನ್ನ ಹೊಲಸು ಅವನು ತೊಳೆಯುವುದು ನನಗೆ ಬೇಡ. ಮೇಲೆ ಚೆನ್ನಾಗಿದೆ, ಉರ್ಕೆನ್. ಶುದ್ಧ.”

“ಆ ಬೆಟ್ಟ ನಮ್ಮ ದೇವರು. ಅದನ್ನ ಸುಡುಗಾಡು ಮಾಡ್ತೀಯಾ?”

“ದೇವರಾದರೆ ಬೇಡ ಅನ್ನುವುದಿಲ್ಲ.”

“ನಾನು ಅಂತೀನಿ. ಬೇಡ.”

ಕುರೋಸೆಯ ಮುಖ ಬಿಗಿಯಾಯಿತು. ಅವನು ಎಡಗೈಯನ್ನು ಎತ್ತಿ ಉರ್ಕೆನನ ಕಣ್ಣೆದುರು ಹಿಡಿದ.

“ಇದು ಎರಡು ನಿನ್ನ ಹತ್ತಿರ ಇದೆ. ನಾನು ಯಾವತ್ತೂ ಕೇಳಲಿಲ್ಲ. ಇವತ್ತು ಕೇಳುವುದು.”

ಬಹಳ ವರ್ಷದ ಹಿಂದೆ ಇದೇ ನೊರ್ಬು ಖಾಂಗಿನ ತಗ್ಗಿನಿಂದ ಇಳಿಯುವಾಗ ಉರ್ಕೆನನ ಕಾಲಡಿಯ ಹಿಮ ಕುಸಿದು ಅವನು ಬಿರುಕಿನೊಳಗೆ ಬಿದ್ದಿದ್ದ. ಹಗ್ಗದಲ್ಲಿದ್ದವರು ಇಬ್ಬರೇ. ಮೇಲೆ ಕುರೋಸೆ ಬೋರಲು ಬಿದ್ದು, ಕೊಡಲಿಯನ್ನು ಹಿಮಕ್ಕೆ ನೆಟ್ಟು, ಆ ಭಾರವನ್ನೆಲ್ಲ ತನ್ನ ಸೊಂಟದ ಮೇಲೆ ತಡೆದಿದ್ದ. ಗಾಳಿ ಎದ್ದಿತು. ಕೈಗವಸು ಹಾರಿಹೋಯಿತು. ಕಾಲು ಮುರಿದು ನೇತಾಡುತ್ತಿದ್ದ ಉರ್ಕೆನ್ ಕೆಳಗಿನಿಂದ, ಕೊಯ್ದುಬಿಡು, ನೀನಾದರೂ ಉಳಿ ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಹಗ್ಗ ಅಲುಗಲಿಲ್ಲ. ಬಿಡಾರದಲ್ಲಿದ್ದವರು ಹುಡುಕಿಕೊಂಡು ಬರುವ ಹೊತ್ತಿಗೆ ಬಡಗಿಯ ಬೆರಳುಗಳು ಕಲ್ಲಾಗಿದ್ದವು. ಆಮೇಲೆ ಆ ದಿನದ ಮಾತನ್ನು ಇಬ್ಬರೂ ಒಬ್ಬರೆದುರು ಒಬ್ಬರು ಎತ್ತಿದ್ದಿಲ್ಲ.

ಈಗ ಎತ್ತಿಯಾಗಿತ್ತು. ಉರ್ಕೆನ್ ಕಣ್ಣು ತಗ್ಗಿಸಲಿಲ್ಲ.

“ಆವತ್ತು ನಾನು ಕೊಯ್ದುಬಿಡು ಅಂತ ಬಡ್ಕೊಂಡೆ. ನೀನ್ಯಾಕೆ ಕೊಯ್ಲಿಲ್ಲ?”

“ಆವಾಗ ನನಗೆ ಆ ಮಾತು ಬರುತ್ತಿರಲಿಲ್ಲ.”

“ಸುಳ್ಳು ಹೇಳ್ಬೇಡ.”

“ಬರುತ್ತಿರಲಿಲ್ಲ.”

“ಹಾಗಾದ್ರೆ ಕೇಳು. ಈಗ ನೀನು ಆಡ್ತಿರೋ ಮಾತೂ ನನಗೆ ಬರಲ್ಲ.”

ಕುರೋಸೆ ಎದ್ದು ಒಳಗೆ ಹೋಗಿ ತನ್ನ ಕೋಣೆಯ ಬಾಗಿಲು ಎಳೆದುಕೊಂಡ. ಸಂಜೆಗೆ ಆಲೂಗಡ್ಡೆಯ ರೊಟ್ಟಿ ಮುಂದಿಟ್ಟರೂ ಮುಟ್ಟಲಿಲ್ಲ.

ಒಲೆಯ ಹತ್ತಿರ ಉರ್ಕೆನ್ ನಡೆದದ್ದನ್ನೆಲ್ಲ ಹೇಳಿದಾಗ ಛುಲ್ದಿಮ್ ಭಾವನ ಮೇಲೆ ಹರಿಹಾಯ್ದ. “ನೀನ್ಯಾರು ಭಾವ, ಅವನ ಪ್ರಾಣಕ್ಕೆ ಯಜಮಾನ? ಸಾಯ್ಲಿ ಅಂತ ನಾನ್ ಹೇಳ್ತಿಲ್ಲ. ಆದ್ರೆ ಹಾಸಿಗೇಲಿ ಹೇಲುಚ್ಚೆ ಮಾಡ್ಕೊಂಡು ವರ್ಷಗಟ್ಲೆ ಬಿದ್ದಿರು ಅಂತ ಹೇಳೋಕೆ ನಿಂಗೆ ಬಾಯಿ ಹೇಗ್ ಬರುತ್ತೆ? ಅವನು ನಿನ್ನ ಎತ್ತಿದ. ನೀನು ಅವನನ್ನ ಕೆಡವ್ತಾ ಇದ್ದೀಯ.”

ಇದೇ ಮಾತನ್ನು ಉರ್ಕೆನ್ ಕೂಡ ಮನಸ್ಸಿನಲ್ಲಿ ತನಗೆ ಹೇಳಿಕೊಂಡಿದ್ದ. ಉತ್ತರ ಕೊಟ್ಟದ್ದು ಯಾಂಗ್ಜಿ. ಅವಳು ತೊಳೆಯುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟಳು.

“ನಮ್ಮ ಮಾವ ಕೊನೆಗೆ ನನ್ನನ್ನೇ ಅಮ್ಮ ಅಂತ ಕರೀತಿದ್ರು, ನೆನಪಿದ್ಯಾ ಛುಲ್ದಿಮ್? ಎದ್ದು ಹೊರಗೆ ಹೋಗೋದು ಮರೆತು ಒಳಗೇ ಮಾಡ್ಕೊಳ್ಳೋರು. ತೊಳ್ದೆ. ಬೈಕೊಂಡೂ ತೊಳ್ದಿದ್ದೀನಿ, ಇಲ್ಲ ಅನ್ನಲ್ಲ. ಆದ್ರೆ ಬಿಸಿಲಲ್ಲಿ ಕೂರಿಸಿದ್ರೆ ಕರು ನೋಡ್ಕೊಂಡು ನಗೋರು. ನನ್ನ ಹೆಸರು ಗೊತ್ತಿಲ್ಲ, ತನ್ನ ಹೆಸರು ಗೊತ್ತಿಲ್ಲ, ನಗು ಮಾತ್ರ ಹಾಗೇ ಇತ್ತು. ಅವರನ್ನ ಬೆಟ್ಟದ ಮೇಲೆ ಬಿಟ್ಟು ಬರ್ಬೇಕಿತ್ತಾ ನಾನು?”

“ಅಕ್ಕ, ಅದು ಬೇರೆ...”

“ಏನು ಬೇರೆ? ಆ ಅಜ್ಜನಿಗೆ ಈ ಮಾತು ಹೇಳೋರು ಯಾರೂ ಇಲ್ಲ, ಅಷ್ಟೇ ಬೇರೆ. ಬೆಳಿಗ್ಗೆ ನಾನೇ ಹೇಳ್ತೀನಿ.”

ಆದರೆ ಬೆಳಿಗ್ಗೆ ಯಾಂಗ್ಜಿ ಚಹಾ ಹಿಡಿದು ಹೋದಾಗ ಕೋಣೆ ಖಾಲಿಯಾಗಿತ್ತು. ಹಾಸಿಗೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟಿದ್ದ. ಹಿಮದ ಬೂಟು, ಕೊಡಲಿ, ಬೂಟಿನಡಿಗೆ ಕಟ್ಟುವ ಕಬ್ಬಿಣದ ಮುಳ್ಳು ಯಾವುದೂ ಇರಲಿಲ್ಲ.

ಉರ್ಕೆನ್ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಓಡಿದ. ಹಿಂದೆ ಛುಲ್ದಿಮ್. ದಾರಿಯುದ್ದಕ್ಕೂ ಬಿದ್ದ ಮುಂಜಾವಿನ ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಚುರುಚುರು ಎನ್ನುತ್ತಿತ್ತು. ಅದರ ಮೇಲೆ ಒಬ್ಬನ ಹೆಜ್ಜೆ ಮಾತ್ರ ಮೇಲಕ್ಕೆ ಹೋಗಿತ್ತು. ಯಾಕ್ ಮಂದೆಯ ಕೊನೆಯ ಕಲ್ಲುಕೊಟ್ಟಿಗೆ ದಾಟಿದರು. ಛುಲ್ದಿಮ್ ಏದುಸಿರು ಬಿಡುತ್ತ, “ಗಡಿಯಾರ ಅವನಿಗೇ ವಾಪಸ್ ಕೊಡ್ತೀನಿ ಭಾವ, ನಂಗೆ ಬೇಡ” ಎಂದ. ಉರ್ಕೆನ್ ತಿರುಗಿ ನೋಡಲಿಲ್ಲ. ಹಿಂದೆ ಮುರಿದಿದ್ದ ಅವನ ಕಾಲು ನೋಯತೊಡಗಿತ್ತು. ಮುದುಕ ಇಷ್ಟು ಬೇಗ ಎಷ್ಟು ದೂರ ಹೋಗಿರಬಹುದು, ಬಿರುಕುಗಳನ್ನು ಅವನೊಬ್ಬನೇ ಹೇಗೆ ದಾಟಬಹುದು ಎಂದು ಅವನ ಮನಸ್ಸು ದಾರಿಯಲ್ಲಿ ಮುಂದುಮುಂದಕ್ಕೆ ಓಡುತ್ತಿತ್ತು.

ಅಷ್ಟು ದೂರ ಹೋಗಬೇಕಾಗಲಿಲ್ಲ. ಕೆರೆಯ ಏರಿಯ ಮೇಲೆ, ಬೂದುಬಣ್ಣದ ನೀರಿನಲ್ಲಿ ನೀರ್ಗಲ್ಲಿನ ತುಂಡುಗಳು ತೇಲುವುದು ಕಾಣುವ ಕಡೆ, ಕುರೋಸೆ ಒಂದು ಬಂಡೆಯ ಮೇಲೆ ಕೂತಿದ್ದ. ಹಿಮದ ಸುಳಿವೇ ಇಲ್ಲದ ಬರಿಗಲ್ಲಿನ ಮೇಲೆ ಕಬ್ಬಿಣದ ಮುಳ್ಳನ್ನು ಬೂಟಿಗೆ ಕಟ್ಟಿಕೊಂಡಿದ್ದ. ಮುಳ್ಳಿನ ಹಲ್ಲುಗಳು ಕಲ್ಲಿಗೆ ತಾಗಿ ಮೊಂಡಾಗಿದ್ದವು. ಉರ್ಕೆನನನ್ನು ಕಂಡ ಕೂಡಲೇ ಅವನ ಮುಖ ಅರಳಿತು.

“ತಡ ಮಾಡಿದೆ ನೀನು! ನಾನು ಕಾಯುವುದು, ಕಾಯುವುದು. ಇವತ್ತು ಎಲ್ಲಿ ತನಕ ಹೋಗುವುದು ನಾವು?”

ಅವನ ದನಿಯಲ್ಲಿ ನಿನ್ನೆಯ ಮುನಿಸಿನ ಗುರುತಿರಲಿಲ್ಲ. ನಿನ್ನೆ ಎಂಬುದೇ ಇರಲಿಲ್ಲ. ಯಾತಕ್ಕಾಗಿ ಹೊರಟಿದ್ದನೋ ಅದನ್ನು ದಾರಿಯಲ್ಲಿ ಎಲ್ಲೋ ಬಿಟ್ಟು, ಹಗ್ಗದವನಿಗಾಗಿ ಕಾಯುತ್ತ ಕೂತುಬಿಟ್ಟಿದ್ದ.

ಛುಲ್ದಿಮ್ ಹಿಂದಕ್ಕೆ ತಿರುಗಿ ಕೆರೆಯ ಕಡೆ ಮುಖಮಾಡಿ ನಿಂತ. ಉರ್ಕೆನ್ ಬಂಡೆಯ ಬುಡದಲ್ಲಿ ಮಂಡಿಯೂರಿ ಮುಳ್ಳಿನ ಪಟ್ಟಿಯನ್ನು ಒಂದೊಂದಾಗಿ ಬಿಚ್ಚಿದ. ಬೆರಳು ಮರಗಟ್ಟಿದ್ದರಿಂದ ಅದಕ್ಕೆ ಬಹಳ ಹೊತ್ತು ಹಿಡಿಯಿತು.

“ಇವತ್ತು ಬೇಡ. ಮನೆಗೆ ಹೋಗಿ ಉಣ್ಣೋಣ. ಇಳಿಯೋ ದಾರಿ ಇನ್ನೂ ಗೊತ್ತುಮಾಡಿಲ್ಲ ನಾವು.”

“ಹೌದು” ಎಂದ ಕುರೋಸೆ ಗಂಭೀರವಾಗಿ. “ಅದು ಮೊದಲು.”

ಕೆಳಗೆ ಬರುವಷ್ಟರಲ್ಲಿ ಅವನಿಗೆ ಎಲ್ಲ ಮರಳಿ ನೆನಪಾಯಿತು. ಅದು ಅವನು ನಿಂತ ರೀತಿಯಲ್ಲೇ ಉರ್ಕೆನನಿಗೆ ತಿಳಿಯಿತು. ಅಂಗಳದ ಗೋಡೆ ಹಿಡಿದು ನಿಂತವನು, “ನಾನು ಹೋಗಿ ಮರೆತೆ. ಅದು ಕೂಡ ಮರೆತೆ” ಎಂದ. ಅವನು ಅತ್ತದ್ದನ್ನು ಆ ಮನೆಯವರು ನೋಡಿದ್ದು ಅದೊಂದೇ ಸಲ. ಯಾಂಗ್ಜಿ ಅವನನ್ನು ಬಿಸಿಲಿಗೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತು, ಮಾವನ ಕಥೆಯನ್ನೆಲ್ಲ ಬಚ್ಚಿಡದೆ ಹೇಳಿದಳು. ತೊಳೆದದ್ದು, ಬೈದದ್ದು, ಕರು ನೋಡಿ ನಕ್ಕದ್ದು. ಅವನು ಅರ್ಧ ಕೇಳಿದನೋ ಪೂರ್ತಿ ಕೇಳಿದನೋ, ಕೊನೆಗೆ, “ನಿನ್ನ ಮಾವನಿಗೆ ನೀನು ಇದ್ದ” ಎಂದ.

“ನಿನ್ನ ತಂಗಿಯನ್ನ ಕೇಳಿದ್ದೀಯಾ? ಅವಳು ಬೇಡ ಅಂದಳಾ?”

ಕುರೋಸೆ ಕೇಳಿರಲಿಲ್ಲ. ಅವಳಿಗೆ ಕಾಯಿಲೆಯ ವಿಷಯವನ್ನೇ ಹೇಳಿರಲಿಲ್ಲ.

ಆ ದಿನವೇ ಛುಲ್ದಿಮ್ ಫೋನಿಗೆ ಸಿಗ್ನಲ್ ಸಿಗುವ ಗುಡ್ಡದ ಮೇಲೆ ಅವನನ್ನು ಕರೆದುಕೊಂಡು ಹೋದ. ಜಪಾನಿ ಮಾತು ಅವನಿಗೆ ಬರದು. ಆದರೆ ಆ ಕಡೆಯ ಹೆಂಗಸು ಮೊದಲು ಕಿರುಚಿದ್ದು, ಆಮೇಲೆ ಬಹಳ ಹೊತ್ತು ಸುಮ್ಮನಿದ್ದದ್ದು, ಆಮೇಲೆ ತಡೆಯಿಲ್ಲದೆ ಬೈದದ್ದು ಅವನಿಗೂ ಕೇಳಿಸಿತು. ಕುರೋಸೆ ಫೋನಿಗೇ ತಲೆಬಾಗಿಸಿ ಬಾಗಿಸಿ ನಿಂತಿದ್ದನಂತೆ.

“ಬೈಗುಳ ಮುಗಿಯೋ ಹಾಗೇ ಇರ್ಲಿಲ್ಲ” ಎಂದು ಛುಲ್ದಿಮ್ ಬಂದು ಹೇಳಿದ. “ನಂಗೆ ಸಮಾಧಾನ ಆಯ್ತು.”

ಬೆಟ್ಟಕ್ಕೆ ಹೋಗುವುದೋ ಬಿಡುವುದೋ ಎಂದು ಉರ್ಕೆನ್ ಎರಡು ಮನಸ್ಸಿನಲ್ಲಿದ್ದ. ಅವನನ್ನು ಊರಿಗೆ ಕಳಿಸಿಬಿಡುವುದೇ ಬುದ್ಧಿವಂತಿಕೆ ಎಂದು ಅವನಿಗೆ ಗೊತ್ತಿತ್ತು. ಆದರೆ ಕುರೋಸೆ ಬೇಡಿಕೊಳ್ಳಲಿಲ್ಲ, ಕಾಡಲಿಲ್ಲ. ಸುಮ್ಮನೆ ಅಂಗಳದಲ್ಲಿ ಕೂತು ಮೋಡ ಸರಿದಾಗಲೆಲ್ಲ ಮೇಲೆ ನೋಡುತ್ತಿದ್ದ. ಅದನ್ನು ತಡೆಯಲಾಗಲಿಲ್ಲ. ಉರ್ಕೆನ್ ಮತ್ತೆ ನಕಾಶೆ ಹಾಸಿ ಕಲ್ಲಿಟ್ಟ. ತಗ್ಗಿನವರೆಗೆ, ಅದರಾಚೆ ಒಂದು ಹೆಜ್ಜೆಯೂ ಇಲ್ಲ. ಹಗ್ಗದಲ್ಲಿ ಕುರೋಸೆ ನಡುವೆ, ಹಿಂದೊಬ್ಬ ಮುಂದೊಬ್ಬ. ಏಣಿಗಳನ್ನು ಛುಲ್ದಿಮ್ ಮೊದಲೇ ಹೋಗಿ ಕಟ್ಟಿಬರಬೇಕು. ಗಾಳಿ ಸ್ವಲ್ಪ ತಿರುಗಿದರೂ ವಾಪಸು. ಯೋಜನೆಯನ್ನು ಕೆರೆಯಿಂದ ಮೇಲಕ್ಕೆ ಹೇಳದೆ ತಗ್ಗಿನಿಂದ ಕೆಳಕ್ಕೆ ಹೇಳಿದ. ಎಲ್ಲಿ ಹಗ್ಗ ಬಿಡುವುದು, ಎಲ್ಲಿ ಕೂತು ಉಸಿರು ಬಿಡುವುದು, ಮಂಜು ಕವಿದರೆ ಯಾವ ಬಂಡೆ. ಕುರೋಸೆ ತಡೆತಡೆದು ಪ್ರಶ್ನೆ ಕೇಳಿದ. ಕೇಳಿದ್ದನ್ನೇ ಕೇಳಿದ. ಪ್ರತಿಸಲವೂ ಉರ್ಕೆನ್ ಮೊದಲ ಸಲದ ಹಾಗೆ ಹೇಳಿದ.

ಹೊರಡುವ ದಿನ ಬೇಡಿಂಗಿನಿಂದ ಲಾಮಾ ಬಂದು, ಧೂಪದ ಸೊಪ್ಪು ಸುಟ್ಟು, ಮೂವರ ಕೊರಳಿಗೂ ದಾರ ಕಟ್ಟಿದರು. “ಇವರು ತುದಿಗೆ ಹೋಗೋದಿಲ್ವಂತೆ?” ಎಂದು ಕೇಳಿ, ಇಲ್ಲವೆಂದಾಗ, “ಒಳ್ಳೇದಾಯ್ತು. ತುದಿ ಅಂದ್ರೆ ಬೆಟ್ಟದಮ್ಮನ ತಲೆ” ಎಂದು ಯಾಂಗ್ಜಿಯ ಚಹಾ ಕುಡಿದು ಹೋದರು.

ತಗ್ಗು ಸಿಕ್ಕಿದ ಬೆಳಿಗ್ಗೆ ಗಾಳಿ ಇರಲಿಲ್ಲ. ಹಿಮ ಕಾಲಡಿಯಲ್ಲಿ ಒಣಮರದ ಹಾಗೆ ಸದ್ದು ಮಾಡುತ್ತಿತ್ತು. ಬಿರುಕಿನ ಮೇಲಿನ ಏಣಿಯನ್ನು ಕುರೋಸೆ ಯಾವ ತಪ್ಪೂ ಇಲ್ಲದೆ ದಾಟಿದ. ದಾಟಿದ ಮೇಲೆ ಅದರೊಳಗೆ ಬಗ್ಗಿ ನೋಡಿ ಏನೋ ನೆನಪು ಮಾಡಿಕೊಳ್ಳುವವನಂತೆ ನಿಂತ. ಉರ್ಕೆನ್ ಹಗ್ಗವನ್ನು ಮೆಲ್ಲಗೆ ಎಳೆದಾಗ ಮುಂದೆ ಬಂದ. ಮೇಲೆ ಮೂವರೂ ಚೀಲದ ಮೇಲೆ ಕೂತರು. ಎದುರಿಗೆ ಏಣು, ಅದರ ಕೊನೆಗೆ ಬಿಸಿಲು ಹೊತ್ತಿಕೊಂಡ ತುದಿ. ಉರ್ಕೆನ್ ತನ್ನ ಹಗ್ಗವನ್ನು ಕೈಗೆ ಒಂದು ಸುತ್ತು ಹೆಚ್ಚಿಗೆ ಸುತ್ತಿಕೊಂಡ. ಕುರೋಸೆ ಅದನ್ನು ನೋಡಿದ. ನೋಡಿ ನಕ್ಕ.

“ಇದರ ಹೆಸರು ಏನು?”

“ನೊರ್ಬು ಖಾಂಗ್.”

“ನಾವು ಇದು ಹತ್ತಿದ್ದೇವಾ?”

ಛುಲ್ದಿಮ್ ಅವಸರದಲ್ಲಿ ಹೂಂ ಎನ್ನಲು ಹೋದ. ಉರ್ಕೆನ್ ಅವನ ಮೊಣಕಾಲು ಒತ್ತಿದ.

“ಇಲ್ಲ. ಇದು ಎರಡನೇ ಸಲ ಬಂದಿರೋದು. ಹಿಂದಿನ ಸಲವೂ ಇಲ್ಲಿಂದಲೇ ಇಳಿದ್ವಿ.”

ಕುರೋಸೆ ಅದನ್ನು ಸ್ವಲ್ಪ ಹೊತ್ತು ಯೋಚಿಸಿದ. “ಇಬ್ಬರೂ?” ಎಂದ.

“ಇಬ್ಬರೂ.”

“ಹಾಗಾದರೆ ಸರಿ” ಎಂದು ಎದ್ದು, ಯಾರೂ ಹೇಳುವ ಮೊದಲೇ ಕೆಳಮುಖವಾಗಿ ತಿರುಗಿ ನಿಂತ.

ಕುರೋಸೆಯನ್ನು ಬಿಡಲು ಕಾಠ್ಮಂಡುವಿನವರೆಗೆ ಉರ್ಕೆನ್ ತಾನೇ ಹೋದ. ವಿಮಾನ ನಿಲ್ದಾಣದ ಹೊರಗೆ ಕರೆದೊಯ್ಯಲು ಬಂದ ಅವನ ತಂಗಿ, ಚಿಕ್ಕ ದೇಹದ ಮುದುಕಿ, ಕಾಯುತ್ತಿದ್ದಳು. ಅಣ್ಣನನ್ನು ಕಂಡವಳೇ ಅವನ ತೋಳಿಗೆ ಒಂದು ಹೊಡೆದು, ಆ ತೋಳನ್ನೇ ಹಿಡಿದುಕೊಂಡಳು. ಕುರೋಸೆ ಅವಳಿಗೆ ಉರ್ಕೆನನನ್ನು ಪರಿಚಯ ಮಾಡಿಸಲು ತಿರುಗಿದ. ಬಾಯಿ ತೆರೆದ, ಹೆಸರು ಬರಲಿಲ್ಲ. ಹುಡುಕಿದ. ಅವನ ಕಣ್ಣಲ್ಲಿ ಹೆದರಿಕೆ ಏಳುವುದನ್ನು ಉರ್ಕೆನ್ ಕಂಡ.

“ಪರವಾಗಿಲ್ಲ ಬಿಡು” ಎಂದು ಉರ್ಕೆನ್ ಬೀಳ್ಕೊಡುಗೆಯ ಬಿಳಿಯ ಶಾಲನ್ನು ಅವನ ಕೊರಳಿಗೆ ಹಾಕಿ, ಹಣೆಗೆ ಹಣೆ ತಾಗಿಸಿದ.

ಅಣ್ಣ ತಂಗಿ ಕೈಹಿಡಿದುಕೊಂಡು ಗಾಜಿನ ಬಾಗಿಲೊಳಗೆ ಹೋದರು. ಅವಳು ಎರಡು ಸಲ ತಿರುಗಿ ತಲೆಬಾಗಿದಳು. ಅವನು ತಿರುಗಲಿಲ್ಲ, ಮುಂದಿನ ನೆಲವನ್ನು ನೋಡಿಕೊಂಡು ಎಚ್ಚರಿಕೆಯಿಂದ ಹೆಜ್ಜೆ ಇಡುತ್ತಿದ್ದ. ಒಳಗೆ ಜನ ತುಂಬಿದ್ದರು. ಅವರ ನಡುವೆ ಬಿಳಿಯ ಶಾಲು ಕಾಣುವಷ್ಟು ಹೊತ್ತು ಉರ್ಕೆನ್ ಅಲ್ಲೇ ನಿಂತಿದ್ದ. ಆಮೇಲೆ ಪೊಲೀಸಿನವನೊಬ್ಬ ಬಂದು ದಾರಿ ಬಿಡು ಎಂದಾಗ ಪಕ್ಕಕ್ಕೆ ಸರಿದು, ಬಸ್ಸು ನಿಲ್ಲುವುದು ಎಲ್ಲಿ ಎಂದು ಅವನನ್ನೇ ಕೇಳಿದ.